ಜರಡಿಯಲ್ಲಿ ಉಳಿದ ಪತ್ರಗಳು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕುಳಿತಿದ್ದಾಗ, ನನ್ನ ತಮ್ಮನ ಮಗ ತನ್ನ ಹೊಸ ಕೆಲಸದ ವಿಷಯ ಹೇಳತೊಡಗಿದ. ಒಂದು ಸಂಸ್ಥೆಯ ಮೇಲ್ ಸರ್ವರನ್ನು ನೋಡಿಕೊಳ್ಳುವ ಹೊಣೆ ಅವನಿಗೆ ಬಂದಿದೆಯಂತೆ. "ಸ್ಪ್ಯಾಮ್ ಕಾಟ ವಿಪರೀತ ದೊಡ್ಡಪ್ಪ. ಸ್ಪ್ಯಾಮ್‌ಅಸಾಸಿನ್ ಹಾಕಿದ್ದೀನಿ. ಅಂಕ ದಾಟಿದ್ದನ್ನೆಲ್ಲ ಸೀದಾ ಅಳಿಸಿಹೋಗೋ ಹಾಗೆ ಮಾಡಿಬಿಡ್ತೀನಿ, ಯಾರಿಗೂ ತಲೆನೋವಿರಲ್ಲ" ಎಂದ.

"ಅಳಿಸಬೇಡ" ಎಂದೆ.

ಜಗಲಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಗಣಿತದ ಮೇಷ್ಟ್ರಿಗೂ ಮೇಲ್ ಸರ್ವರಿಗೂ ಎಲ್ಲಿಯ ನಂಟು ಎಂಬ ಪ್ರಶ್ನೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಹುಡುಗ ನಕ್ಕು, "ನೀವು ಹೇಳೋದು ಹಳೇ ಕಾಲದ್ದು" ಎಂದು ಸುಮ್ಮನಾದ. ಅಂದು ನಾನು ವಾದಿಸಲಿಲ್ಲ. ಹೇಳಬೇಕಾದ ಕಥೆ ಹತ್ತು ಜನರ ನಡುವೆ ಹೇಳುವಂಥದ್ದಾಗಿರಲಿಲ್ಲ. ಅದರಲ್ಲಿ ಇನ್ನೊಬ್ಬನ ಪಾಲೂ ಇತ್ತು. ಈಗ ಅವನ ಒಪ್ಪಿಗೆಯನ್ನು ಪಡೆದು ಬರೆಯುತ್ತಿದ್ದೇನೆ.

ನಮ್ಮ ವಿದ್ಯಾಸಂಸ್ಥೆಗೆ ಸ್ವಂತದ ಮಿಂಚಂಚೆ ವ್ಯವಸ್ಥೆ ಬಂದದ್ದು 2008ರಲ್ಲಿ. ಹಳೆಯ ವಿದ್ಯಾರ್ಥಿಯೊಬ್ಬ ಒಂದು ಗಣಕಯಂತ್ರವನ್ನು ದಾನವಾಗಿ ಕೊಟ್ಟು, ಎರಡು ದಿನ ಊರಿನಲ್ಲಿದ್ದು, ಲಿನಕ್ಸ್ ಹಾಕಿ, ಸರ್ವರನ್ನು ಸಿದ್ಧಪಡಿಸಿ ಹೋದ. ಗಣಿತ ಕಲಿಸುವವನಿಗೆ ಗಣಕವೂ ಬರುತ್ತದೆಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬಹಳ ಗಟ್ಟಿಯಾದದ್ದು. ಹಾಗಾಗಿ ಅದರ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಕೈಪಿಡಿಗಳನ್ನು ಓದಿ, ರಾತ್ರಿ ಹೊತ್ತು ಆ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿ ಕಾಡಿ, ಅಷ್ಟಿಷ್ಟು ಕಲಿತೆ. ನಿಜ ಹೇಳಬೇಕೆಂದರೆ ಕಲಿಯುವ ಖುಷಿಯೂ ಇತ್ತು.

ಸ್ಪ್ಯಾಮ್ ಎಂಬ ಉಪದ್ರವಕ್ಕೆ ದೀರ್ಘ ಇತಿಹಾಸವಿದೆ. 1978ರ ಮೇ 3ರಂದು ಗ್ಯಾರಿ ಥುರ್ಕ್ ಎಂಬ ಮಾರಾಟ ಅಧಿಕಾರಿ ತನ್ನ ಕಂಪನಿಯ ಗಣಕಯಂತ್ರಗಳ ಪ್ರದರ್ಶನಕ್ಕೆ ಬನ್ನಿರೆಂದು ಅರ್ಪಾನೆಟ್‌ನಲ್ಲಿದ್ದ ನಾಲ್ಕುನೂರರ ಆಸುಪಾಸಿನ ಜನರಿಗೆ ಒಂದೇ ಸಂದೇಶ ಕಳುಹಿಸಿದ್ದನ್ನು ಇದರ ಆದಿಯೆಂದು ಹೇಳುತ್ತಾರೆ. ಹೆಸರು ಬಂದದ್ದು ಡಬ್ಬಿಯಲ್ಲಿ ಮಾರುವ ಒಂದು ಮಾಂಸದ ತಿನಿಸಿನಿಂದ. ಸಾಚಾ ಪತ್ರಗಳಿಗೆ ತಂತ್ರಜ್ಞರು 'ಹ್ಯಾಮ್' ಎನ್ನುತ್ತಾರೆ, ಅದೂ ಮಾಂಸವೇ! ನಮ್ಮಂಥ ಸಸ್ಯಾಹಾರಿಗಳಿಗೆ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಸಂಕಟವೇ. ಹಾಗಾಗಿ ನಾನು ಕಸ, ಪತ್ರ ಎಂದೇ ಕರೆಯುತ್ತೇನೆ.

ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶವನ್ನು ಜಸ್ಟಿನ್ ಮೇಸನ್ ಎಂಬುವರು 2001ರಲ್ಲಿ ಬಿಡುಗಡೆ ಮಾಡಿದರು. 2004ರಿಂದ ಅದು ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ. ಉಚಿತ, ಮುಕ್ತ ತಂತ್ರಾಂಶ. ಅದರ ಕೆಲಸದ ರೀತಿಯನ್ನು ನೋಡಿದ ಮೊದಲ ದಿನವೇ ನನಗೆ ಅದು ಪರಿಚಿತವೆನಿಸಿತು. ಅದು ಮಾಡುವುದು ಮೌಲ್ಯಮಾಪನವನ್ನೇ! ಬಂದ ಪ್ರತಿಯೊಂದು ಪತ್ರವನ್ನೂ ನೂರಾರು ನಿಯಮಗಳಿಗೆ ಒಡ್ಡುತ್ತದೆ. ವಿಷಯದ ಸಾಲು ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಇಷ್ಟು ಅಂಕ, ಕಳುಹಿಸಿದ ಯಂತ್ರದ ವಿಳಾಸ ಕಪ್ಪುಪಟ್ಟಿಯಲ್ಲಿದ್ದರೆ ಇಷ್ಟು. ಒಳ್ಳೆಯ ಲಕ್ಷಣ ಕಂಡರೆ ಋಣಾತ್ಮಕ ಅಂಕ. ಕೊನೆಗೆ ಎಲ್ಲವನ್ನೂ ಕೂಡುತ್ತದೆ. ಮೊತ್ತ 5 ಅಥವಾ ಅದಕ್ಕಿಂತ ಹೆಚ್ಚಾದರೆ ಕಸ. ನಮ್ಮ ಕಾಲದ ಮಕ್ಕಳು 35 ದಾಟಿದರೆ ಪಾಸು. ಇಲ್ಲಿ 5 ಮುಟ್ಟಿದರೆ ನಪಾಸು. ವ್ಯತ್ಯಾಸ ಅಷ್ಟೇ.

ಇದಲ್ಲದೆ ಅದಕ್ಕೊಂದು ಕಲಿಯುವ ಬುದ್ಧಿಯೂ ಇದೆ. ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯ ಸಂಭವನೀಯತೆಯ ಪ್ರಮೇಯ, ಆತ ತೀರಿಕೊಂಡ ಎರಡು ವರ್ಷಗಳ ನಂತರ, 1763ರಲ್ಲಿ ಪ್ರಕಟವಾಯಿತು. ಆ ಪ್ರಮೇಯದಿಂದ ಕಸವನ್ನು ಬೇರ್ಪಡಿಸಬಹುದೆಂದು ಪಾಲ್ ಗ್ರಹಾಂ 2002ರಲ್ಲಿ ಬರೆದ ಲೇಖನ ಬಹಳ ಪ್ರಸಿದ್ಧವಾಯಿತು. ಒಂದು ಪದ ಕಸದಲ್ಲಿ ಎಷ್ಟು ಸಲ ಬಂದಿದೆ, ಪತ್ರದಲ್ಲಿ ಎಷ್ಟು ಸಲ ಬಂದಿದೆ ಎಂಬ ಎಣಿಕೆಯಿಂದ, ಹೊಸದಾಗಿ ಬಂದದ್ದು ಕಸವಾಗಿರುವ ಸಂಭವವನ್ನು ಲೆಕ್ಕಹಾಕುವುದು ಇದರ ಸಾರ. ಆದರೆ ಎರಡೂ ಬಗೆಯ ಮಾದರಿಗಳು ತಲಾ 200 ಆದರೂ ಸಿಗುವವರೆಗೆ ಸ್ಪ್ಯಾಮ್‌ಅಸಾಸಿನ್‌ನ ಈ ಭಾಗ ಬಾಯಿ ಬಿಡುವುದೇ ಇಲ್ಲ. ಪಾಠ ಕೇಳದೆ ಉತ್ತರ ಹೇಳುವುದಿಲ್ಲವೆಂಬ ಈ ವಿನಯ ನನಗೆ ಮೆಚ್ಚುಗೆಯಾದದ್ದು. ನಮ್ಮ ಶಾಲೆಗೆ ಬರುತ್ತಿದ್ದ ಸಾಚಾ ಪತ್ರಗಳೇ ಕಡಿಮೆ. 200 ಸೇರುವ ಮುನ್ನವೇ ನಾನು ಹೇಳಹೊರಟಿರುವುದು ನಡೆದುಹೋಯಿತು.

ಕನ್ನಡದ ವಿಷಯದಲ್ಲಿ ಆ ಕಲಿಕೆಗೆ ಇನ್ನೊಂದು ತೊಡಕಿತ್ತು. ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. 'ವಿದ್ಯಾರ್ಥಿ' ಎಂಬ ಪದದಲ್ಲಿ ಒತ್ತು, ಗುಣಿತಗಳನ್ನೆಲ್ಲ ಬಿಡಿಸಿ ಎಣಿಸಿದರೆ ಹತ್ತು ಚಿಹ್ನೆಗಳು, ಅಂದರೆ 30 ಬೈಟ್. ಆ ಕಾಲದ ಆವೃತ್ತಿ ಇಂಥ ಉದ್ದದ ಇಂಗ್ಲಿಷೇತರ ಪದವನ್ನು ಎರಡೆರಡು ಬೈಟ್‌ಗಳ ತುಂಡುಗಳಾಗಿ ಕತ್ತರಿಸಿ ನೆನಪಿಟ್ಟುಕೊಳ್ಳುತ್ತಿತ್ತು. ಮೂರರ ಅಕ್ಷರವನ್ನು ಎರಡರಲ್ಲಿ ಕತ್ತರಿಸಿದರೆ ಉಳಿಯುವುದು ಅಕ್ಷರವಲ್ಲ, ಚೂರು. ಚೂರುಗಳನ್ನು ಎಣಿಸಿ ಕನ್ನಡ ಕಲಿಯುವುದು ಎಂಥ ಪಾಡು! ನಂತರದ ಆವೃತ್ತಿಗಳಲ್ಲಿ ಇದು ಸುಧಾರಿಸಿದೆ. 2022ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಲ್ಲಿ ಇಂಗ್ಲಿಷೇತರ ಭಾಷೆಗಳ ಕಡೆಗೆ ವಿಶೇಷ ಗಮನ ಕೊಟ್ಟಿದ್ದಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2009ರ ನವೆಂಬರಿನಲ್ಲಿ ಶಾಲೆಯ ತಪಾಸಣೆ ನಡೆಯುತ್ತಿದ್ದಾಗ ಮುಖ್ಯೋಪಾಧ್ಯಾಯರು ಅಧಿಕಾರಿಗಳ ಮುಂದೆ ಅಭಿಮಾನದಿಂದ ಮಿಂಚಂಚೆಯನ್ನು ತೆರೆದರು. ಪರದೆಯ ಮೇಲೆ ಮೊದಲು ಕಂಡ ಸಾಲನ್ನು ಇಲ್ಲಿ ಬರೆಯಲಾರೆ. ಅಂದು ಸಂಜೆ ನನ್ನನ್ನು ಕರೆದು, "ಏನು ಮಾಡ್ತೀರೋ ಗೊತ್ತಿಲ್ಲ, ಇನ್ನೊಂದು ಸಲ ಇಂಥದ್ದು ನನ್ನ ಕಣ್ಣಿಗೆ ಬೀಳಬಾರದು" ಎಂದರು. ಅವರ ಸಂಕಟ ನ್ಯಾಯವಾದದ್ದೇ. ನಾನು ಅದೇ ರಾತ್ರಿ ಸರ್ವರಿನ ಮುಂದೆ ಕುಳಿತು ಎರಡು ಕೆಲಸ ಮಾಡಿದೆ. ಲೋಕಲ್ ಡಾಟ್ ಸಿಎಫ್ ಎಂಬ ಸಂರಚನಾ ಕಡತವನ್ನು ತೆರೆದು 5 ಎಂದಿದ್ದ ಮಿತಿಯನ್ನು 3ಕ್ಕೆ ಇಳಿಸಿದೆ. ಅಷ್ಟಕ್ಕೇ ನಿಲ್ಲದೆ, ಮಿತಿ ಮುಟ್ಟಿದ ಪತ್ರ ಎಲ್ಲಿಯೂ ಉಳಿಯದೆ ಶೂನ್ಯಕ್ಕೆ ಹೋಗುವಂತೆ ಪ್ರಾಕ್‌ಮೇಲ್‌ನಲ್ಲಿ ಎರಡು ಸಾಲು ಬರೆದೆ. ಮಾಡದೆ ಬಿಟ್ಟ ಕೆಲಸ ಇನ್ನೊಂದಿತ್ತು. ನಿಯಮಗಳನ್ನು ಆಗಾಗ ಹೊಸದಾಗಿಸುವ ಎಸ್‌ಎ-ಅಪ್‌ಡೇಟ್ ಎಂಬ ಆದೇಶ ಆ ತಂತ್ರಾಂಶದ ಜೊತೆಯಲ್ಲೇ ಬರುತ್ತದೆ. ಅದನ್ನು ದಿನಕ್ಕೊಮ್ಮೆ ತಾನಾಗಿ ನಡೆಯುವಂತೆ ಕ್ರಾನ್‌ಗೆ ಸೇರಿಸಬೇಕು ಎಂದು ಹಳೆಯ ವಿದ್ಯಾರ್ಥಿ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಚೀಟಿ ನನ್ನ ಡೈರಿಯಲ್ಲಿಯೇ ಇತ್ತು.

ಹೊಸ ವರ್ಷ ಬಂತು. ಅಂಚೆಪೆಟ್ಟಿಗೆ ಕನ್ನಡಿಯಂತೆ ಶುಭ್ರವಾಯಿತು. ಜನವರಿಯ ಮೂರನೆಯ ವಾರದಲ್ಲಿ ಮುಖ್ಯೋಪಾಧ್ಯಾಯರು ಸಿಬ್ಬಂದಿ ಸಭೆಯಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದರು. ಇಲಾಖೆಯ ಸುತ್ತೋಲೆಗಳೆಲ್ಲ ಆಗ ಟಪಾಲಿನಲ್ಲಿಯೇ ಬರುತ್ತಿದ್ದುದರಿಂದ, ಮಿಂಚಂಚೆ ಬರುತ್ತಿಲ್ಲವೆಂದು ಯಾರಿಗೂ ಅನುಮಾನ ಬರಲಿಲ್ಲ. ನಾನು ಹೊಗಳಿಕೆಯನ್ನು ಸ್ವೀಕರಿಸಿ ಹತ್ತನೆಯ ತರಗತಿಗೆ ತ್ರಿಕೋನಮಿತಿ ಕಲಿಸಲು ಹೋದೆ.

ಫೆಬ್ರವರಿಯ ಎರಡನೆಯ ವಾರದಲ್ಲಿ ಒಬ್ಬ ಹಳೆಯ ವಿದ್ಯಾರ್ಥಿಯ ತಂದೆ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಮೇಷ್ಟ್ರೇ, ಹುಡುಗ ಮೂರು ಸಲ ಬರೆದನಂತೆ. ನಿಮಗೆ ಬರೆಯೋಕೆ ಮನಸ್ಸಿಲ್ಲದಿದ್ದರೆ ಬೇಡ, ಆದರೆ ಒಂದು ಮಾತು 'ಆಗಲ್ಲ' ಅಂತ ಹೇಳಿದ್ದರೆ ಅವನು ಬೇರೆ ದಾರಿ ನೋಡ್ತಿದ್ದ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ವಿಷಯ ಇಷ್ಟು. ಆ ಹುಡುಗನಿಗೆ ವಿದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಶಿಷ್ಯವೇತನದೊಡನೆ ಉನ್ನತ ವ್ಯಾಸಂಗಕ್ಕೆ ಸ್ಥಾನ ಸಿಗುವುದರಲ್ಲಿತ್ತು. ಅಂಕಪಟ್ಟಿಯಲ್ಲಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರದ ವ್ಯತ್ಯಾಸ. ಇಬ್ಬರೂ ಒಬ್ಬನೇ ಎಂದು ಶಾಲೆಯ ದಾಖಲೆ ನೋಡಿ ಒಂದು ದೃಢೀಕರಣ ಕಳುಹಿಸಬೇಕಿತ್ತು, ಜನವರಿ ಮುಗಿಯುವುದರೊಳಗೆ. ಅವನು ದೂರದ ಊರಿನಲ್ಲಿ ಕೆಲಸದಲ್ಲಿದ್ದವನು, ನಮ್ಮ ಶಾಲೆಗೂ ಮಿಂಚಂಚೆ ಬಂದಿದೆಯೆಂದು ಸಂತೋಷಪಟ್ಟು ಅದಕ್ಕೇ ಬರೆದಿದ್ದ.

ಮೂರು ಪತ್ರಕ್ಕೂ ಉತ್ತರ ಬರದಿದ್ದಾಗ ಒಂದು ಫೋನು ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಅವನು ಪಕ್ಕದವನನ್ನು ನೋಡಿ ಬರೆದದ್ದನ್ನು ಹಿಡಿದು, ತರಗತಿಯ ಮುಂದೆ ನಿಲ್ಲಿಸಿ, "ಇನ್ನು ನನ್ನ ಹತ್ತಿರ ಏನನ್ನೂ ಕೇಳಿಕೊಂಡು ಬರಬೇಡ" ಎಂದಿದ್ದೆನಂತೆ. ನನಗೆ ನೆನಪೇ ಇರಲಿಲ್ಲ. ಆ ಹುಡುಗನಿಗೆ ನೆನಪಿತ್ತು. ಉತ್ತರ ಬಾರದ ಒಂದೊಂದು ದಿನವೂ ಅವನಿಗೆ ಆ ಮಾತೇ ಮತ್ತೆ ಕೇಳಿಸಿದೆ.

ಅಂದು ರಾತ್ರಿ ಸರ್ವರಿನ ದಾಖಲೆ ಕಡತವನ್ನು ತೆರೆದೆ. ಜನವರಿ 1ರಿಂದ ಸಾಲುಸಾಲಾಗಿ ಒಂದೇ ಬರಹ: ಸ್ಪ್ಯಾಮ್ ಎಂದು ಗುರುತಿಸಲಾಗಿದೆ, 3.4ಕ್ಕೆ 3.0. ಪಡೆದ ಅಂಕ 3.4, ಮಿತಿ 3.0. ಅರವತ್ತಕ್ಕೂ ಹೆಚ್ಚು ಸಾಲುಗಳಲ್ಲಿ ಅದೇ 3.4. ಬೇರೆ ಬೇರೆ ಜನ ಬರೆದ ಬೇರೆ ಬೇರೆ ಪತ್ರಗಳಿಗೆ ಒಂದೇ ಅಂಕ ಬಿದ್ದರೆ ಯಾವ ಮೇಷ್ಟ್ರಿಗಾದರೂ ತಿಳಿಯುತ್ತದೆ, ದೋಷವಿರುವುದು ಉತ್ತರ ಪತ್ರಿಕೆಯಲ್ಲಲ್ಲ, ಮಾದರಿ ಉತ್ತರದಲ್ಲಿ ಎಂದು. ಪತ್ರಗಳು ಅಲ್ಲಿರಲಿಲ್ಲ. ಅಂಕಗಳಷ್ಟೇ ಇದ್ದವು.

ಕಾರಣವನ್ನು ಹುಡುಕಿದಾಗ ಸಿಕ್ಕದ್ದು ಲೋಕವಿಖ್ಯಾತವಾದ ಒಂದು ಪ್ರಮಾದ. ಕಸ ಕಳುಹಿಸುವವರು ತಮ್ಮ ಪತ್ರ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣಲೆಂದು ದೂರದ ಭವಿಷ್ಯದ ದಿನಾಂಕ ಹಾಕುತ್ತಿದ್ದರು. ಅದನ್ನು ಹಿಡಿಯಲು ಬರೆದ ನಿಯಮ, ದಿನಾಂಕದಲ್ಲಿ 2010 ಅಥವಾ ಅದರ ಮುಂದಿನ ವರ್ಷ ಕಂಡರೆ 'ಬಹಳ ಮುಂದಿನ ದಿನಾಂಕ' ಎಂದು ಅಂಕ ಹಾಕುತ್ತಿತ್ತು. ಬರೆದಾಗ ಅದು ಸರಿಯಾಗಿಯೇ ಇತ್ತು. 2010ರ ಜನವರಿ 1ರ ಬೆಳಗ್ಗೆ, ಜಗತ್ತಿನಲ್ಲಿ ಅಂದು ಬರೆದ ಪ್ರತಿಯೊಂದು ಪತ್ರವೂ ಆ ನಿಯಮಕ್ಕೆ ಸಿಕ್ಕಿಬಿದ್ದಿತು. ಸಂರಚನೆಗೆ ತಕ್ಕಂತೆ ಅದರ ಅಂಕ 2ರಿಂದ 3.5ರ ಆಸುಪಾಸಿನವರೆಗೆ, ನಮ್ಮ ಸಂರಚನೆಯಲ್ಲಿ 3.384. ದೋಷವನ್ನು ಅಭಿವೃದ್ಧಿಯ ಹಂತದ ಆವೃತ್ತಿಯಲ್ಲಿ ಮೊದಲೇ ತಿದ್ದಿದ್ದರು, ಆದರೆ ಬಳಕೆಯಲ್ಲಿದ್ದ ಆವೃತ್ತಿಗೆ ಆ ತಿದ್ದುಪಡಿ ಬಂದಿರಲಿಲ್ಲ. ಜನವರಿ 1ರಂದೇ ತಂಡದವರು ಎಚ್ಚೆತ್ತು, ಎಲ್ಲರೂ ಕೂಡಲೇ ನಿಯಮಗಳನ್ನು ನವೀಕರಿಸಿರೆಂದು ಬಹಿರಂಗವಾಗಿ ಕೇಳಿಕೊಂಡರು. ಎಸ್‌ಎ-ಅಪ್‌ಡೇಟ್ ದಿನವೂ ನಡೆಯುತ್ತಿದ್ದ ಕಡೆ ತೊಂದರೆ ಬೇಗನೆ ಮುಗಿಯಿತು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ತಂತ್ರಾಂಶದ ತಪ್ಪಿನಿಂದ ಬಿದ್ದದ್ದು 3.384. ಮಿತಿಯನ್ನು 5ರಲ್ಲಿಯೇ ಬಿಟ್ಟಿದ್ದರೆ, ಬೇರೆ ದೋಷವಿಲ್ಲದ ಸಾದಾ ಪತ್ರ ಈ ತಪ್ಪಿನ ನಡುವೆಯೂ ದಾಟಿ ಬರುತ್ತಿತ್ತು. ನವೀಕರಿಸಿದ್ದರೆ, ಮಿತಿ 3 ಆಗಿದ್ದರೂ ಬರುತ್ತಿತ್ತು. ಅಳಿಸದೆ ಬೇರೊಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ, ಎರಡೂ ತಪ್ಪಿದರೂ ನಾನು ಹುಡುಕಿ ತೆಗೆಯಬಹುದಿತ್ತು. ಅವರದು ಒಂದು ತಪ್ಪು, ನನ್ನವು ಮೂರು. ವರ್ಷಗಟ್ಟಲೆ ಈ ಕಥೆಯನ್ನು 'ತಂತ್ರಾಂಶದ ದೋಷದಿಂದ ಹೀಗಾಯಿತು' ಎಂದೇ ಹೇಳಿಕೊಂಡು ಬಂದಿದ್ದೆ. ಅದು ಅರ್ಧಸತ್ಯ.

ಇಂಥ ಮರೆವು ನಮ್ಮೂರಿನದು ಮಾತ್ರವೆಂದು ತಿಳಿಯಬೇಡಿ. ಓಆರ್‌ಡಿಬಿ ಎಂಬ ಪ್ರಸಿದ್ಧ ಕಪ್ಪುಪಟ್ಟಿಯೊಂದಿತ್ತು. 2006ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. ಆದರೂ ಅನೇಕ ಸರ್ವರುಗಳು ಅದನ್ನು ಕೇಳುತ್ತಲೇ ಇದ್ದವು, ಸಂರಚನೆಯಿಂದ ಆ ಸಾಲನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. 2008ರ ಮಾರ್ಚಿನಲ್ಲಿ ಅದು ಕೇಳಿದ ವಿಳಾಸಗಳಿಗೆಲ್ಲ 'ಹೌದು, ಕಸ' ಎಂದೇ ಉತ್ತರಿಸತೊಡಗಿತು. ಆ ಸಾಲು ಉಳಿದಿದ್ದ ಕಡೆಯಲ್ಲೆಲ್ಲ ಪತ್ರಗಳು ಬಾಗಿಲಲ್ಲೇ ನಿಂತವು. ಸಾರ್ಬ್ಸ್ ಎಂಬ ಇನ್ನೊಂದು ಹಳೆಯ ಪಟ್ಟಿ 2024ರ ಜೂನಿನಲ್ಲಿ ನಿಂತುಹೋಯಿತು. ಸ್ಪ್ಯಾಮ್‌ಅಸಾಸಿನ್‌ನವರೂ 2020ರ ಮಾರ್ಚ್ 1ರ ನಂತರ ಹಳೆಯ ಎಸ್‌ಎಚ್‌ಎ-1 ಸಹಿಯ ನವೀಕರಣಗಳನ್ನು ನಿಲ್ಲಿಸಿದರು. 3.4.2ಕ್ಕಿಂತ ಹಿಂದಿನ ಆವೃತ್ತಿಯಲ್ಲಿಯೇ ಉಳಿದವರ ನಿಯಮಗಳು ಅಂದಿಗೆ ನಿಂತ ಗಡಿಯಾರ. ಆದೇಶ ದಿನವೂ ನಡೆಯುತ್ತಿರುತ್ತದೆ, ಹೊಸದೇನೂ ಬರುವುದಿಲ್ಲ, ನೋಡುವವರಿಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ.

ಕಸದ ಪತ್ರವನ್ನು ಕಟ್ಟುನಿಟ್ಟಾಗಿ ತಡೆಯಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ನಮ್ಮ ಬಂಧುಗಳಲ್ಲಿಯೇ ವಯಸ್ಸಾದವರೊಬ್ಬರು ಬ್ಯಾಂಕಿನ ಹೆಸರಿನಲ್ಲಿ ಬಂದ ಸುಳ್ಳು ಪತ್ರವನ್ನು ನಂಬಿ ಹಣ ಕಳೆದುಕೊಂಡಿದ್ದಾರೆ. ಅಂಥದ್ದನ್ನು ಅವರ ಕಣ್ಣಿಗೆ ಬೀಳದಂತೆ ತಡೆಯುವುದು ಪುಣ್ಯದ ಕೆಲಸವೇ. ಆದರೆ ತಡೆಯುವುದು ಬೇರೆ, ಸದ್ದಿಲ್ಲದೆ ನುಂಗುವುದು ಬೇರೆ. ಪತ್ರವನ್ನು ಬಾಗಿಲಲ್ಲಿಯೇ, ಅಂದರೆ ಕಳುಹಿಸುವ ಯಂತ್ರ ನಮ್ಮ ಯಂತ್ರದೊಡನೆ ಇನ್ನೂ ಮಾತನಾಡುತ್ತಿರುವಾಗಲೇ, 550 ಎಂಬ ಸಂಕೇತದೊಡನೆ ನಿರಾಕರಿಸಿದರೆ, ಬರೆದವನು ಸಾಚಾ ಮನುಷ್ಯನಾಗಿದ್ದ ಪಕ್ಷದಲ್ಲಿ ಅವನಿಗೆ 'ತಲುಪಲಿಲ್ಲ' ಎಂಬ ಸೂಚನೆ ಅವನದೇ ಸರ್ವರಿನಿಂದ ಸಿಗುತ್ತದೆ. ಮಿಲ್ಟರ್ ಎಂಬ ವ್ಯವಸ್ಥೆಯ ಮೂಲಕ ಸ್ಪ್ಯಾಮ್‌ಅಸಾಸಿನ್ನನ್ನು ಹಾಗೆ ಕೂರಿಸಬಹುದು. ಒಳಗೆ ತೆಗೆದುಕೊಂಡು ಆಮೇಲೆ ಹಿಂದಿರುಗಿಸುವುದೂ ತಪ್ಪು. ಕಸದಲ್ಲಿರುವ ಕಳುಹಿಸಿದವರ ವಿಳಾಸ ಬಹುಮಟ್ಟಿಗೆ ಕದ್ದದ್ದು, ಹಿಂದಿರುಗಿಸಿದ್ದು ಯಾವನೋ ನಿರಪರಾಧಿಯ ತಲೆಯ ಮೇಲೆ ಬೀಳುತ್ತದೆ. ಮಿಂಚಂಚೆಯ ಮೂಲ ನಿಯಮಾವಳಿಯ 2008ರ ಆವೃತ್ತಿಯೂ, ಸದ್ದಿಲ್ಲದೆ ಬಿಸಾಡುವುದನ್ನು ಬಹಳ ಖಚಿತವಿರುವ ಸಂದರ್ಭಗಳಿಗೆ ಮಾತ್ರ ಮೀಸಲಿಡಬೇಕೆಂದು ಹೇಳುತ್ತದೆ. ಅಂಕವೆಂಬುದು ಒಂದು ಊಹೆ. ಊಹೆಯ ಮೇಲೆ ಉತ್ತರ ಪತ್ರಿಕೆಯನ್ನು ಸುಟ್ಟುಹಾಕುವ ಮೌಲ್ಯಮಾಪಕನನ್ನು ನಾವು ಏನೆನ್ನುತ್ತೇವೆ? ಮರುಮೌಲ್ಯಮಾಪನಕ್ಕೆ ಪತ್ರಿಕೆ ಉಳಿದಿರಬೇಕಲ್ಲ!

ಮಗೂ, ನಿನಗಾಗಿ ಇಷ್ಟು ಹೇಳುತ್ತೇನೆ. ಮಿತಿಯನ್ನು 5ರಲ್ಲಿಯೇ ಇಡು. ಆ ಅಂಕಗಳನ್ನೆಲ್ಲ ಆ ಮಿತಿಗೆ ಹೊಂದಿಸಿಯೇ ನಿಗದಿಪಡಿಸಿದ್ದಾರೆ. ಕಸ ಜಾಸ್ತಿ ಬರುತ್ತಿದ್ದರೆ ಮಿತಿ ಇಳಿಸುವ ಬದಲು, ತಪ್ಪಿ ಒಳಗೆ ಬಂದ ಕಸವನ್ನೂ ತಪ್ಪಾಗಿ ಸಿಕ್ಕಿಬಿದ್ದ ಪತ್ರವನ್ನೂ ಎಸ್‌ಎ-ಲರ್ನ್‌ಗೆ ಕೊಟ್ಟು ಕಲಿಸು. ಎರಡನ್ನೂ ಕೊಡು, ಬರೀ ಕಸವನ್ನೇ ತೋರಿಸಿದರೆ ಅದಕ್ಕೆ ಲೋಕವೆಲ್ಲ ಕಸವಾಗಿಯೇ ಕಾಣುತ್ತದೆ. ಎಸ್‌ಎ-ಅಪ್‌ಡೇಟ್ ದಿನವೂ ನಡೆಯಲಿ, ಹೊಸ ನಿಯಮ ಬಂದ ದಿನ ಸೇವೆಯನ್ನು ಮರುಪ್ರಾರಂಭಿಸು, ಇಲ್ಲದಿದ್ದರೆ ಅದು ಹಳೆಯದನ್ನೇ ನೆನಪಿಟ್ಟುಕೊಂಡು ಓಡುತ್ತಿರುತ್ತದೆ. ಸಂರಚನೆಯನ್ನು ಮುಟ್ಟಿದಾಗಲೆಲ್ಲ ಲಿಂಟ್ ಪರೀಕ್ಷೆ ಮಾಡು. ಮಿತಿ ಮುಟ್ಟಿದ್ದನ್ನು ಬೇರೆ ಪೆಟ್ಟಿಗೆಗೆ ಹಾಕು, ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಅದನ್ನು ಕಣ್ಣಾಡಿಸಲಿ. ಇನ್ನೊಂದು ಮಾತು, ಇದು ಕೈಪಿಡಿಯಲ್ಲಿಲ್ಲ: ಪೆಟ್ಟಿಗೆ ಹಠಾತ್ತಾಗಿ ಶುಭ್ರವಾದರೆ ಸಂತೋಷಪಡಬೇಡ, ದಾಖಲೆ ಕಡತ ತೆರೆದು ನೋಡು.

ಆ ವಿದ್ಯಾರ್ಥಿಯ ವಿಷಯ. ದೃಢೀಕರಣವನ್ನು ಮರುದಿನವೇ ಕಳುಹಿಸಿದೆವು. ಗಡುವು ಮುಗಿದಿತ್ತು. ಶಿಷ್ಯವೇತನ ಬೇರೊಬ್ಬರಿಗೆ ಹೋಯಿತು. ಅವನು ಒಂದು ವರ್ಷ ತಡವಾಗಿ, 2011ರಲ್ಲಿ, ಸಾಲ ಮಾಡಿ ಹೋದ. ಈಗ ಚೆನ್ನಾಗಿದ್ದಾನೆ. ಆದರೆ ಅವನ ತಂದೆ ಆ ಸಾಲಕ್ಕಾಗಿ ಅಡವಿಟ್ಟ ತೋಟವನ್ನು ಬಿಡಿಸಿಕೊಳ್ಳಲು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೂರವಾಣಿಯಲ್ಲಿ ನಾನು ಕ್ಷಮೆ ಕೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಪತ್ರ ತಲುಪಲಿಲ್ಲ ಅನ್ನೋದು ಗೊತ್ತಾಗಿದ್ದೇ ನನಗೆ ಸಮಾಧಾನ ಸಾರ್" ಎಂದ. ಕಿರುಪರೀಕ್ಷೆಯ ದಿನದ ಮಾತಿಗೂ ಸೇರಿಸಿ ಕ್ಷಮೆ ಕೇಳಿದೆ. ಅದಕ್ಕೆ ಅವನು ಏನೂ ಹೇಳಲಿಲ್ಲ.

ನನ್ನ ಈಗಿನ ವಿಳಾಸ ಜಿಮೇಲಿನದು, ಅದರ ಜರಡಿ ನನ್ನ ಕೈಯಲ್ಲಿಲ್ಲ. ಅಲ್ಲಿ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದದ್ದು 30 ದಿನಗಳ ನಂತರ ತಾನಾಗಿ ಅಳಿಸಿಹೋಗುತ್ತದೆ. ಪ್ರತಿ ಶನಿವಾರ ಬೆಳಗಿನ ಕಾಫಿಯಾದ ಮೇಲೆ ಅದನ್ನೊಮ್ಮೆ ತೆರೆದು ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ. ಹೋದ ಶನಿವಾರ ಅದರಲ್ಲಿ ಎರಡು ಲಾಟರಿ, ಒಂದು ಸಾಲದ ಆಮಿಷ, ಮತ್ತು 1996ರ ತಂಡದ ಹುಡುಗಿಯೊಬ್ಬಳ ಗೃಹಪ್ರವೇಶದ ಆಮಂತ್ರಣವಿತ್ತು. ನಿಮ್ಮಲ್ಲಿ ಯಾರಿಗಾದರೂ ನನ್ನಿಂದ ಉತ್ತರ ಬಾರದೆ ಉಳಿದಿದ್ದರೆ ದಯವಿಟ್ಟು ಇನ್ನೊಮ್ಮೆ ಬರೆಯಿರಿ. ಅದಕ್ಕೂ ಬಾರದಿದ್ದರೆ ಸಂಜೆ ಆರರ ನಂತರ ಮನೆಗೆ ಫೋನು ಮಾಡಿ, ನಾನೇ ಎತ್ತಿಕೊಳ್ಳುತ್ತೇನೆ.